ರ‍್ಯಾಂಚರ್ ಸರ್ವರ್ ಹೊಸ ಕ್ಲಸ್ಟರ್‌ಗೆ: ಬದಲಾಗಬೇಕಾದದ್ದು, ಬದಲಾಗಬಾರದ್ದು

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಒಂದರ ಕಚೇರಿಯಲ್ಲಿ, ರಸೀದಿ ಪುಸ್ತಕಗಳ ಕಪಾಟಿನ ಮೇಲೆ, ಅಂಥದ್ದೇ ಒಂದು ಪುಸ್ತಕದ ಗಾತ್ರದ ಕಂಪ್ಯೂಟರ್ ಹಗಲಿರುಳು ಓಡುತ್ತಿರುತ್ತದೆ. ಯಾವ ರೈತನ ಎಷ್ಟು ಚೀಲ ಮೆಣಸಿನಕಾಯಿ ಯಾವ ಕೋಣೆಯಲ್ಲಿದೆ, ಎಷ್ಟು ತಿಂಗಳ ಬಾಡಿಗೆ ಬರಬೇಕು, ಕೋಣೆಯ ಉಷ್ಣಾಂಶ ಎಷ್ಟಿದೆ ಎಂಬುದೆಲ್ಲ ಅದರೊಳಗಿನ ತಂತ್ರಾಂಶದ ಲೆಕ್ಕ. ಗದಗ ಜಿಲ್ಲೆಯ ಸಹಕಾರ ಸಂಘವೊಂದರಲ್ಲೂ ಇಂಥದ್ದೇ ಪೆಟ್ಟಿಗೆ ಇದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ ಕಣಗಿನಹಾಳ ಅದೇ ಜಿಲ್ಲೆಯದು. ಸಂಘದ ಲೆಕ್ಕ ಒಂದು ಗಂಟೆ ಸಿಗದಿದ್ದರೂ ಸದಸ್ಯರು ಕೇಳುವ ನಾಡು ಅದು. ಧಾರವಾಡದ ಆಸ್ಪತ್ರೆಯೊಂದರಲ್ಲಿ ಮೂರು ಸರ್ವರ್‌ಗಳ ಇನ್ನೊಂದು ಗುಂಪು. ಇವೆಲ್ಲವನ್ನೂ ಹುಬ್ಬಳ್ಳಿಯಲ್ಲಿ ಕುಳಿತು ಒಂದೇ ಪರದೆಯ ಮೇಲೆ ನೋಡಿಕೊಳ್ಳುವುದು ನಮ್ಮ ಕೆಲಸ. ಆ ಪರದೆಯ ಹಿಂದಿರುವ ರ‍್ಯಾಂಚರ್ ಎಂಬ ಸರ್ವರನ್ನೇ ಒಂದು ಕ್ಲಸ್ಟರ್‌ನಿಂದ, ಅಂದರೆ ಯಂತ್ರಗಳ ಒಂದು ಗುಂಪಿನಿಂದ, ಇನ್ನೊಂದಕ್ಕೆ ಸಾಗಿಸಬೇಕಾದಾಗ ಏನಾಗುತ್ತದೆ, ಏನಾಗಬಾರದು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಈ ವಿಷಯ ಕನ್ನಡದಲ್ಲಿ ಸರಿಯಾಗಿ ಸಿಗಬೇಕು ಎಂಬುದು ನನ್ನ ಬಹುದಿನದ ಆಸೆ. ನಮ್ಮ ಕಡೆಯ ಕಾಲೇಜುಗಳಿಂದ ಹೊರಬಂದು ನೇರ ಈ ಕೆಲಸಕ್ಕೆ ಕೈಹಾಕುವ ಹುಡುಗ ಹುಡುಗಿಯರನ್ನು ನೋಡುತ್ತಲೇ ಇದ್ದೇನೆ. ಆಜ್ಞೆಗಳು ಅವರಿಗೆ ಬಾಯಿಪಾಠ, ಆದರೆ ಆ ಆಜ್ಞೆಗಳ ಕ್ರಮ ಹೀಗೇ ಏಕೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಮೊದಲು ಹಿನ್ನೆಲೆ. ಒಂದು ತಂತ್ರಾಂಶವನ್ನೂ ಅದು ಓಡಲು ಬೇಕಾದ ಎಲ್ಲ ಕಡತಗಳನ್ನೂ ಒಟ್ಟುಗೂಡಿಸಿ ಕಟ್ಟಿಟ್ಟ ಘಟಕವೇ ಕಂಟೇನರ್. ಅನೇಕ ಯಂತ್ರಗಳ ಮೇಲೆ ಅನೇಕ ಕಂಟೇನರ್‌ಗಳನ್ನು ಓಡಿಸುವ, ಬಿದ್ದದ್ದನ್ನು ಮತ್ತೆ ಎಬ್ಬಿಸುವ ವ್ಯವಸ್ಥೆ ಕುಬರ್ನೆಟೀಸ್. ಗೂಗಲ್ ಇದನ್ನು 2014ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರತಂದಿತು, 2015ರ ಜುಲೈನಲ್ಲಿ 1.0 ಆವೃತ್ತಿ ಬಂತು. ಕುಬರ್ನೆಟೀಸ್ ಓಡುವ ಯಂತ್ರಗಳ ಒಂದು ಗುಂಪೇ ಕ್ಲಸ್ಟರ್. ಚಿಕ್ಕದಾದರೆ ಒಂದೇ ಯಂತ್ರವೂ ಕ್ಲಸ್ಟರ್ ಆಗಬಹುದು. ಬ್ಯಾಡಗಿಯಲ್ಲಿರುವುದು ಅಂಥದ್ದು, ಕೆ3ಎಸ್ ಎಂಬ ಹಗುರ ರೂಪದ ಕುಬರ್ನೆಟೀಸ್.

ಕ್ಲಸ್ಟರ್‌ಗಳು ಒಂದೆರಡಿದ್ದಾಗ ಒಂದೊಂದಕ್ಕೂ ಲಾಗಿನ್ ಆಗಿ ನೋಡಿಕೊಳ್ಳಬಹುದು. ಹತ್ತಿಪ್ಪತ್ತಾದರೆ ಯಾರಿಗೆ ಯಾವುದರ ಮೇಲೆ ಅಧಿಕಾರ, ಯಾವುದರಲ್ಲಿ ಯಾವ ಆವೃತ್ತಿ, ಎಲ್ಲಿ ಏನು ಕೆಟ್ಟಿದೆ ಎಂದು ತಿಳಿಯಲು ಮೇಲೊಂದು ನಿರ್ವಹಣಾ ಸರ್ವರ್ ಬೇಕೇ ಬೇಕು. ಇಂಥವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ರ‍್ಯಾಂಚರ್. ಅದನ್ನು ಕಟ್ಟಿದ ರ‍್ಯಾಂಚರ್ ಲ್ಯಾಬ್ಸ್ ಸಂಸ್ಥೆ 2014ರಲ್ಲಿ ಶುರುವಾಯಿತು, 2020ರಲ್ಲಿ ಸೂಸೆ ಎಂಬ ತಂತ್ರಾಂಶ ಸಂಸ್ಥೆ ಅದನ್ನು ಕೊಂಡಿತು. ರ‍್ಯಾಂಚರ್ ಸ್ವತಃ ಒಂದು ಕುಬರ್ನೆಟೀಸ್ ಕ್ಲಸ್ಟರ್‌ನ ಮೇಲೆಯೇ ಓಡುತ್ತದೆ. ಅದು ಕುಳಿತಿರುವ ಕ್ಲಸ್ಟರ್‌ಗೆ ಲೋಕಲ್ ಎಂದೂ, ಅದು ನೋಡಿಕೊಳ್ಳುವ ಕ್ಲಸ್ಟರ್‌ಗಳಿಗೆ ಡೌನ್‌ಸ್ಟ್ರೀಮ್ ಎಂದೂ ಹೆಸರು. ಈ ಲೇಖನದಲ್ಲಿ ನಾವು ಸಾಗಿಸುತ್ತಿರುವುದು ಲೋಕಲ್‌ನಲ್ಲಿ ಇರುವುದನ್ನು ಮಾತ್ರ. ಡೌನ್‌ಸ್ಟ್ರೀಮ್ ಕ್ಲಸ್ಟರ್‌ಗಳು ಇದ್ದಲ್ಲೇ ಇರುತ್ತವೆ.

ಸಾಗಿಸುವ ಪ್ರಸಂಗ ಏಕೆ ಬರುತ್ತದೆ? ಲೋಕಲ್ ಕ್ಲಸ್ಟರ್ ಇರುವ ಯಂತ್ರಗಳು ಹಳತಾಗುತ್ತವೆ. ಬಾಡಿಗೆಯ ಡೇಟಾ ಸೆಂಟರ್ ಬದಲಾಗುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಭದ್ರತಾ ಪರಿಷ್ಕರಣೆ ನಿಲ್ಲುತ್ತದೆ. ಇತ್ತೀಚಿನ ದೊಡ್ಡ ಕಾರಣವೆಂದರೆ ರ‍್ಯಾಂಚರ್ ಸಂಸ್ಥೆಯದೇ ಕುಬರ್ನೆಟೀಸ್ ರೂಪವಾದ ಆರ್‌ಕೆಇಯ ಮೊದಲ ಪೀಳಿಗೆ. ಅನೇಕರ ಲೋಕಲ್ ಕ್ಲಸ್ಟರ್ ಅದರ ಮೇಲೆಯೇ ಇತ್ತು, 2025ರ ಜುಲೈ 31ಕ್ಕೆ ಅದರ ಬೆಂಬಲ ಮುಗಿಯಿತು. ಅದನ್ನು ಆರ್‌ಕೆಇ2 ಆಗಿ ಕುಳಿತಲ್ಲೇ ಮೇಲ್ದರ್ಜೆಗೆ ಏರಿಸುವ ದಾರಿ ಇಲ್ಲ. ಹೊಸ ಕ್ಲಸ್ಟರ್ ಕಟ್ಟಿ ರ‍್ಯಾಂಚರನ್ನು ಅಲ್ಲಿಗೆ ಒಯ್ಯಬೇಕು.

ಒಯ್ಯುವಾಗ ಗ್ರಾಹಕರ ತಂತ್ರಾಂಶ ನಿಲ್ಲುತ್ತದೆಯೇ ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ನಿಲ್ಲುವುದಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ನಾಳೆ ಆ ಕಚೇರಿ ಇನ್ನೊಂದು ಕಟ್ಟಡಕ್ಕೆ ಹೋಯಿತೆನ್ನಿ. ಗದಗ ಡಿಪೋದಿಂದ ಬೆಳಗಿನ ಬಸ್ಸು ಹೊರಡುವುದು ತಪ್ಪುವುದಿಲ್ಲ, ಏಕೆಂದರೆ ಬಸ್ಸು, ಚಾಲಕ, ವೇಳಾಪಟ್ಟಿ ಮೂರೂ ಡಿಪೋದಲ್ಲೇ ಇವೆ. ಹೊಸ ಆದೇಶ ಬರುವುದು, ವರದಿ ಒಪ್ಪಿಸುವುದು ಆ ಹೊತ್ತಿಗೆ ನಿಲ್ಲುತ್ತದೆ, ಅಷ್ಟೇ. ಡಿಪೋದವರು ಕೇಂದ್ರಕ್ಕೆ ಕರೆ ಮಾಡುವ ದೂರವಾಣಿ ಸಂಖ್ಯೆ ಅದೇ ಉಳಿದು, ಎತ್ತಿದವರು ತಮ್ಮವರೇ ಎಂದು ಗುರುತು ಸಿಕ್ಕರೆ, ಕಟ್ಟಡ ಬದಲಾದದ್ದು ಡಿಪೋಕ್ಕೆ ತಿಳಿಯಬೇಕಾದ ಅಗತ್ಯವೂ ಇಲ್ಲ. ರ‍್ಯಾಂಚರ್ ಸ್ಥಳಾಂತರದ ಇಡೀ ಜಾಣತನ ಇರುವುದು ಆ ಸಂಖ್ಯೆ ಮತ್ತು ಆ ಗುರುತನ್ನು ಕಾಪಾಡುವುದರಲ್ಲಿ.

ಏಜೆಂಟ್‌ಗೆ ಗೊತ್ತಿರುವ ಮೂರು ಸಂಗತಿ

ಬ್ಯಾಡಗಿಯ ಪೆಟ್ಟಿಗೆಯೊಳಕ್ಕೆ ಹೋಗಿ ನೋಡೋಣ. ಅಲ್ಲಿ ಕ್ಯಾಟಲ್-ಸಿಸ್ಟಮ್ ಎಂಬ ನೇಮ್‌ಸ್ಪೇಸ್, ಅಂದರೆ ವಸ್ತುಗಳನ್ನು ಬೇರ್ಪಡಿಸಿ ಇಡುವ ವಿಭಾಗ, ಇದೆ, ಅದರಲ್ಲಿ ಕ್ಯಾಟಲ್-ಕ್ಲಸ್ಟರ್-ಏಜೆಂಟ್ ಎಂಬ ಡಿಪ್ಲಾಯ್‌ಮೆಂಟ್, ಅಂದರೆ ಸದಾ ಓಡುತ್ತಿರಬೇಕಾದ ಕಂಟೇನರ್‌ಗಳ ವ್ಯಾಖ್ಯೆ. ರ‍್ಯಾಂಚರ್‌ನ ಕಣ್ಣು, ಕಿವಿ, ಕೈ ಎಲ್ಲವೂ ಇದೇ. ಇದು ಹುಬ್ಬಳ್ಳಿಯ ಸರ್ವರ್‌ನ 443ನೇ ಪೋರ್ಟ್‌ಗೆ ತಾನಾಗಿಯೇ ಸಂಪರ್ಕ ತೆರೆದು, ವೆಬ್‌ಸಾಕೆಟ್ ಎಂಬ ಎರಡೂ ದಿಕ್ಕಿನ ಸುರಂಗವೊಂದನ್ನು ಹಿಡಿದುಕೊಂಡೇ ಇರುತ್ತದೆ. ನಾವು ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ಆಜ್ಞೆ ಹೋಗುವುದು ಈಗಾಗಲೇ ತೆರೆದಿರುವ ಆ ಸುರಂಗದ ಮೂಲಕ. ಹೀಗಾಗಿಯೇ ಕೋಲ್ಡ್ ಸ್ಟೋರೇಜ್‌ನ ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಾಕಾಗುತ್ತದೆ. ಅಲ್ಲಿ ಸಾರ್ವಜನಿಕ ಐಪಿ ವಿಳಾಸ ಬೇಕಿಲ್ಲ, ರೌಟರ್‌ನಲ್ಲಿ ಯಾವ ಪೋರ್ಟನ್ನೂ ಹೊರಗಿನವರಿಗೆ ತೆರೆಯಬೇಕಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಏಜೆಂಟ್ ತಾನೇ ಮತ್ತೆ ಸಂಪರ್ಕಿಸುತ್ತದೆ, ಸಿಗುವ ತನಕ ಪ್ರಯತ್ನಿಸುತ್ತಲೇ ಇರುತ್ತದೆ.

ಹಾಗಾದರೆ ಏಜೆಂಟ್‌ಗೆ ಸರ್ವರ್ ಬಗ್ಗೆ ಏನೇನು ಗೊತ್ತು? ಮೂರೇ ಸಂಗತಿ. ಮೊದಲನೆಯದು ಸರ್ವರ್‌ನ ಹೆಸರು, ಅಂದರೆ ಯುಆರ್‌ಎಲ್. ಏಜೆಂಟ್‌ನ ವ್ಯಾಖ್ಯೆ ತೆರೆದು ನೋಡಿದರೆ ಕ್ಯಾಟಲ್ ಸರ್ವರ್ ಎಂಬ ಪರಿಸರ ಚರದಲ್ಲಿ ಅದು ಕಾಣುತ್ತದೆ. ಅಲ್ಲಿರುವುದು ಐಪಿ ವಿಳಾಸವಲ್ಲ, ಹೆಸರು. ಯಾರಾದರೂ ಮೊದಲ ದಿನ ಅವಸರದಲ್ಲಿ ಐಪಿ ವಿಳಾಸವನ್ನೇ ಕೊಟ್ಟಿದ್ದರೆ ಅದರ ಬೆಲೆ ತೆರಬೇಕಾದದ್ದು ಇಂದು. ಎರಡನೆಯದು ಸಿಎ ಚೆಕ್‌ಸಮ್. ಸರ್ವರ್‌ನ ಗುರುತು ಸಾಬೀತು ಮಾಡುವ ಪ್ರಮಾಣಪತ್ರಕ್ಕೆ ಸಹಿ ಹಾಕಿದ ಖಾಸಗಿ ಪ್ರಾಧಿಕಾರದ ಪತ್ರವನ್ನು ಎಸ್‌ಎಚ್‌ಎ-256 ವಿಧಾನದಲ್ಲಿ ಹಿಂಡಿ ತೆಗೆದ 64 ಅಕ್ಷರಗಳ ಸಾಲು ಅದು. ಏಜೆಂಟ್ ಎದ್ದಾಗ ಸರ್ವರ್‌ನಿಂದ ಆ ಪ್ರಾಧಿಕಾರದ ಪತ್ರವನ್ನು ತರಿಸಿಕೊಂಡು, ತಾನೇ ಲೆಕ್ಕ ಹಾಕಿ, ತನ್ನ ಬಳಿಯ ಸಾಲಿನೊಂದಿಗೆ ತಾಳೆ ನೋಡುತ್ತದೆ. ಒಂದು ಅಕ್ಷರ ತಪ್ಪಿದರೂ ಮುಂದಕ್ಕೆ ಹೋಗುವುದಿಲ್ಲ. ಎಲ್ಲರೂ ನಂಬುವ ಸಾರ್ವಜನಿಕ ಪ್ರಾಧಿಕಾರದ ಪ್ರಮಾಣಪತ್ರ ಬಳಸಿದ್ದರೆ ಈ ಸಾಲು ಖಾಲಿ ಇರುತ್ತದೆ. ಮೂರನೆಯದು ಟೋಕನ್. ಕ್ಯಾಟಲ್-ಕ್ರೆಡೆನ್ಷಿಯಲ್ಸ್ ಎಂದು ಶುರುವಾಗುವ ಹೆಸರಿನ ಸೀಕ್ರೆಟ್ ಒಂದರಲ್ಲಿ, ಅಂದರೆ ಗುಟ್ಟುಗಳನ್ನಿಡುವ ಕುಬರ್ನೆಟೀಸ್ ವಸ್ತುವಿನಲ್ಲಿ, ಅದು ಯುಆರ್‌ಎಲ್ ಜೊತೆಗೆ ಕುಳಿತಿದೆ. ತಾನು ಯಾವ ಕ್ಲಸ್ಟರ್ ಎಂದು ಸರ್ವರ್‌ಗೆ ಸಾಬೀತು ಮಾಡುವುದು ಏಜೆಂಟ್‌ಗೆ ಇದರಿಂದಲೇ ಸಾಧ್ಯ. ಅದರ ಜೋಡಿ ದಾಖಲೆ ಸರ್ವರ್ ಕಡೆ ಇರುತ್ತದೆ.

ಈ ಮೂರೂ ಹೊಸ ಕ್ಲಸ್ಟರ್‌ನಲ್ಲಿ ಹಾಗೆಯೇ ಉಳಿದರೆ ಬ್ಯಾಡಗಿ, ಗದಗ, ಧಾರವಾಡಗಳಲ್ಲಿ ಯಾರೂ ಏನನ್ನೂ ಮುಟ್ಟಬೇಕಿಲ್ಲ. ಒಂದು ತಪ್ಪಿದರೂ ಪ್ರತಿಯೊಂದು ಕ್ಲಸ್ಟರ್‌ಗೂ ನೇರವಾಗಿ ಹೋಗಿ ಕೈಯಿಂದ ತಿದ್ದಬೇಕು. ರ‍್ಯಾಂಚರ್ ಮೂಲಕ ತಿದ್ದೋಣವೆಂದರೆ ತಿದ್ದಬೇಕಾದ ಸುರಂಗವೇ ಬಿದ್ದಿರುತ್ತದೆ. ಹೊಸ ಕ್ಲಸ್ಟರ್‌ಗೆ ಹೊಸ ಹೆಸರು ಕೊಡುವ ಆಸೆ ಸಹಜ, ಆದರೆ ಅದಕ್ಕೆ ಈ ಹೊತ್ತು ಸಲ್ಲ. ಹಳೆಯ ಹೆಸರೇ ಇರಲಿ.

ಎಟ್‌ಸಿಡಿಯ ನಕಲು ಏಕೆ ಬೇಡ

ಕುಬರ್ನೆಟೀಸ್ ತನಗೆ ಗೊತ್ತಿರುವುದನ್ನೆಲ್ಲ ಸಾಮಾನ್ಯವಾಗಿ ಎಟ್‌ಸಿಡಿ ಎಂಬ ದತ್ತಾಂಶ ಕೋಶದಲ್ಲಿ ಬರೆದಿಡುತ್ತದೆ. ರ‍್ಯಾಂಚರ್‌ಗೆ ಬೇರೆ ಡೇಟಾಬೇಸ್ ಇಲ್ಲ. ಬಳಕೆದಾರರು, ಅವರ ಅಧಿಕಾರಗಳು, ಕ್ಲಸ್ಟರ್‌ಗಳ ಪಟ್ಟಿ, ಟೋಕನ್‌ಗಳು, ಪ್ರಾಜೆಕ್ಟ್‌ಗಳು ಎಲ್ಲವೂ ಕುಬರ್ನೆಟೀಸ್ ವಸ್ತುಗಳಾಗಿ ಲೋಕಲ್ ಕ್ಲಸ್ಟರ್‌ನ ಎಟ್‌ಸಿಡಿಯಲ್ಲೇ ಇರುತ್ತವೆ. ಹಾಗಿದ್ದರೆ ಎಟ್‌ಸಿಡಿಯ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪೂರ್ತಿ ನಕಲು, ತೆಗೆದು ಹೊಸ ಕಡೆ ಹಾಕಿದರೆ ಆಯಿತಲ್ಲ ಎಂದು ಅನ್ನಿಸುತ್ತದೆ. ಅದು ತಪ್ಪು ದಾರಿ. ಸ್ನ್ಯಾಪ್‌ಶಾಟ್‌ನಲ್ಲಿ ರ‍್ಯಾಂಚರ್ ಮಾತ್ರವಲ್ಲ, ಹಳೆಯ ಕ್ಲಸ್ಟರ್‌ನ ಸಕಲವೂ ಇರುತ್ತದೆ. ಹಳೆಯ ನೋಡ್‌ಗಳ, ಅಂದರೆ ಯಂತ್ರಗಳ, ಹೆಸರು, ಹಳೆಯ ಜಾಲದ ವಿಳಾಸಗಳು, ಹಳೆಯ ಸಿಸ್ಟಮ್ ಪಾಡ್‌ಗಳು, ಅಂದರೆ ಕಂಟೇನರ್ ಗುಂಪುಗಳು. ಅದನ್ನು ಮರುಸ್ಥಾಪಿಸುವುದೆಂದರೆ ಹಳೆಯ ಕ್ಲಸ್ಟರನ್ನೇ ಎಬ್ಬಿಸಿದಂತೆ. ಯಂತ್ರ ಕೆಟ್ಟಾಗ ಅದೇ ಕ್ಲಸ್ಟರನ್ನು ಉಳಿಸಿಕೊಳ್ಳಲು ಸ್ನ್ಯಾಪ್‌ಶಾಟ್ ಬೇಕೇ ಬೇಕು. ಬೇರೆ ಬಗೆಯ ಕ್ಲಸ್ಟರ್‌ಗೆ ವಲಸೆ ಹೋಗಲು ಅದು ಬರುವುದಿಲ್ಲ.

ಈ ಕೆಲಸಕ್ಕೆಂದೇ ಇರುವುದು ರ‍್ಯಾಂಚರ್-ಬ್ಯಾಕಪ್ ಆಪರೇಟರ್, ಅಂದರೆ ಕ್ಲಸ್ಟರ್‌ನೊಳಗೇ ಓಡುತ್ತಾ ಇದನ್ನು ನೋಡಿಕೊಳ್ಳುವ ತಂತ್ರಾಂಶ. ಇದು ರ‍್ಯಾಂಚರ್ 2.5 ಆವೃತ್ತಿಯಿಂದ ಲಭ್ಯ. ಹೆಲ್ಮ್ ಚಾರ್ಟ್ ಎಂಬ ಸ್ಥಾಪನಾ ಪೊಟ್ಟಣವಾಗಿ ಹಳೆಯ ಕ್ಲಸ್ಟರ್‌ನಲ್ಲಿ ಸ್ಥಾಪಿಸಿ, ಬ್ಯಾಕಪ್ ಎಂಬ ವಸ್ತುವೊಂದನ್ನು ಸೃಷ್ಟಿಸಿದರೆ, ಅದು ರ‍್ಯಾಂಚರ್‌ಗೆ ಸೇರಿದವನ್ನು ಮಾತ್ರ ಆರಿಸಿ ಒಂದು ಸಂಕುಚಿತ ಕಡತ ಮಾಡುತ್ತದೆ. ಯಾವುದು ಸೇರಿದ್ದು, ಯಾವುದು ಅಲ್ಲ ಎಂಬ ಪಟ್ಟಿ ರಿಸೋರ್ಸ್ ಸೆಟ್ ಎಂಬ ಇನ್ನೊಂದು ವಸ್ತುವಿನಲ್ಲಿದೆ. ಇತ್ತೀಚಿನ ಆವೃತ್ತಿಗಳಲ್ಲಿ ಈ ಪಟ್ಟಿ ಬೇಸಿಕ್, ಫುಲ್ ಎಂದು ಎರಡು ಬಗೆಯಲ್ಲಿ ಬರುತ್ತದೆ. ಬೇಸಿಕ್‌ನಲ್ಲಿ ಸೀಕ್ರೆಟ್‌ಗಳು ಇರುವುದಿಲ್ಲ, ಆದ್ದರಿಂದ ಸ್ಥಳಾಂತರಕ್ಕೆ ಫುಲ್ ಅನ್ನೇ ಆರಿಸಬೇಕು. ಕಡತವನ್ನು ಎಸ್3 ಮಾದರಿಯ, ಅಂದರೆ ಜಾಲದ ಮೂಲಕ ತಲುಪುವ, ಸಂಗ್ರಹದಲ್ಲೋ ಕ್ಲಸ್ಟರ್‌ನ ಡಿಸ್ಕ್‌ನಲ್ಲೋ ಇಡಬಹುದು. ಹೊಸ ಕ್ಲಸ್ಟರ್ ಅದನ್ನು ಓದಬೇಕಾದ್ದರಿಂದ ಎರಡೂ ಕಡೆಯಿಂದ ತಲುಪಬಹುದಾದ ಎಸ್3 ಸಂಗ್ರಹವೇ ಅನುಕೂಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಕಡತದಲ್ಲಿ ನಿಮ್ಮ ಎಲ್ಲ ಕ್ಲಸ್ಟರ್‌ಗಳ ಬೀಗದ ಕೈಗಳಿವೆ. ಗೂಢಲಿಪೀಕರಣ ಮಾಡದೆ ತೆಗೆದ ಬ್ಯಾಕಪ್ ಯಾರ ಕೈಗೆ ಸಿಕ್ಕರೂ ಆಸ್ಪತ್ರೆಯ ಕ್ಲಸ್ಟರ್ ಅವರ ಕೈಗೆ ಸಿಕ್ಕಂತೆಯೇ. ಕುಬರ್ನೆಟೀಸ್‌ನ ಸೀಕ್ರೆಟ್‌ಗಳು ನೋಡಲು ಅರ್ಥವಾಗದ ಅಕ್ಷರಗಳಂತೆ ಕಂಡರೂ ಅದು ಬರೀ ಬೇಸ್64 ಬರವಣಿಗೆ. ಬಿಡಿಸಲು ಯಾವ ಕೀಯೂ ಬೇಡ. ಆದ್ದರಿಂದ ಎನ್‌ಕ್ರಿಪ್ಶನ್ ಸಂರಚನೆಯ ಕಡತವೊಂದನ್ನು ಮಾಡಿ, ಆಪರೇಟರ್ ಇರುವ ಕ್ಯಾಟಲ್-ರಿಸೋರ್ಸಸ್-ಸಿಸ್ಟಮ್ ನೇಮ್‌ಸ್ಪೇಸ್‌ನಲ್ಲಿ ಸೀಕ್ರೆಟ್ ಆಗಿ ಇಟ್ಟು, ಬ್ಯಾಕಪ್‌ಗೆ ಅದರ ಹೆಸರನ್ನು ಕೊಡಬೇಕು. ಆ ಕೀ ಬ್ಯಾಕಪ್ ಕಡತದ ಪಕ್ಕದಲ್ಲಿ ಇರಕೂಡದು. ಹಳೆಯ ಕ್ಲಸ್ಟರ್‌ನಲ್ಲಿ ಮಾತ್ರವೂ ಇರಕೂಡದು, ಏಕೆಂದರೆ ಆ ಕ್ಲಸ್ಟರ್ ನಾಳೆ ಇರುವುದಿಲ್ಲ. ಕೀ ಕಳೆದರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ಹೊಸ ನೆಲೆ ಹೇಗಿರಬೇಕು

ಹೊಸ ಕ್ಲಸ್ಟರ್‌ಗೆ ಮೂರು ಸರ್ವರ್ ನೋಡ್‌ಗಳಿರಲಿ. ಎಟ್‌ಸಿಡಿ ಬಹುಮತದ ಮೇಲೆ ನಡೆಯುತ್ತದೆ. ಮೂರರಲ್ಲಿ ಒಂದು ಬಿದ್ದರೆ ಉಳಿದ ಎರಡು ಬಹುಮತ; ಎರಡೇ ಇದ್ದು ಒಂದು ಬಿದ್ದರೆ ಬಹುಮತ ಇಲ್ಲ, ಕೆಲಸವೂ ಇಲ್ಲ. ಎರಡು ಇದ್ದರೆ ಒಂದಕ್ಕಿಂತ ಭದ್ರ ಎಂದು ನಂಬಿ ಖರ್ಚು ಉಳಿಸಿದವರನ್ನು ನೋಡಿದ್ದೇನೆ. ಎಟ್‌ಸಿಡಿಯ ಲೆಕ್ಕದಲ್ಲಿ ಎರಡು ಒಂದಕ್ಕಿಂತಲೂ ಕಡಿಮೆ ಭದ್ರ, ಏಕೆಂದರೆ ಎರಡರಲ್ಲಿ ಯಾವುದು ಬಿದ್ದರೂ ಕಥೆ ಮುಗಿಯಿತು.

ಕುಬರ್ನೆಟೀಸ್ ಆವೃತ್ತಿಯನ್ನು ಆರಿಸುವಾಗ ಎಲ್ಲಕ್ಕಿಂತ ಹೊಸದು ಬೇಕೆಂಬ ಆಸೆಯನ್ನು ಹತ್ತಿಕ್ಕಬೇಕು. ನೀವು ಈಗ ಓಡಿಸುತ್ತಿರುವ ರ‍್ಯಾಂಚರ್ ಆವೃತ್ತಿ ಯಾವ ಕುಬರ್ನೆಟೀಸ್ ಆವೃತ್ತಿಗಳನ್ನು ಬೆಂಬಲಿಸುತ್ತದೋ ಅವುಗಳಲ್ಲಿ ಒಂದನ್ನೇ ಆರಿಸಿ. ಕಾರಣ ಬರೀ ಶಿಸ್ತಲ್ಲ. ಬ್ಯಾಕಪ್ ಕಡತದಲ್ಲಿರುವ ಪ್ರತಿ ವಸ್ತುವಿಗೂ ಒಂದು ಎಪಿಐ ಆವೃತ್ತಿಯ, ಅಂದರೆ ಕುಬರ್ನೆಟೀಸ್ ಅದನ್ನು ಯಾವ ರೂಪದಲ್ಲಿ ಓದಬೇಕೆಂಬ, ಮೊಹರು ಇರುತ್ತದೆ. 2021ರಲ್ಲಿ ಬಂದ ಕುಬರ್ನೆಟೀಸ್ 1.22 ಹಲವು ಬೀಟಾ ಎಪಿಐಗಳನ್ನು ತೆಗೆದುಹಾಕಿತು. 2022ರಲ್ಲಿ ಬಂದ 1.25 ಪಾಡ್ ಸೆಕ್ಯುರಿಟಿ ಪಾಲಿಸಿ ಎಂಬ ವಸ್ತುವಿನ ಬಗೆಯನ್ನೇ ಕೈಬಿಟ್ಟಿತು. ಹಳೆಯ ಕ್ಲಸ್ಟರ್‌ನಲ್ಲಿ ಅಂಥ ಪಾಲಿಸಿಗಳು ಇದ್ದು, ಹೊಸದು 1.25ರ ಆಚೆಯದಾದರೆ, ಮರುಸ್ಥಾಪನೆ ಅರ್ಧ ದಾರಿಯಲ್ಲಿ ಇದು ಏನೆಂದು ನನಗೆ ಗೊತ್ತಿಲ್ಲ ಎಂದು ನಿಂತುಬಿಡುತ್ತದೆ. ಮೇಲ್ದರ್ಜೆಗೆ ಏರಿಸುವುದಿದ್ದರೆ ಸ್ಥಳಾಂತರಕ್ಕೆ ಮೊದಲು ಮಾಡಿ, ಇಲ್ಲವೇ ಆಮೇಲೆ ಮಾಡಿ. ಎರಡನ್ನೂ ಒಂದೇ ರಾತ್ರಿ ಮಾಡಿ ಏನೋ ಕೆಟ್ಟರೆ, ಕೆಟ್ಟದ್ದು ಯಾವುದರಿಂದ ಎಂದು ಹುಡುಕುವುದಕ್ಕೇ ಬೆಳಗಾಗುತ್ತದೆ.

ಸರ್ವರ್‌ಗಳ ಮುಂದೆ ನಿಂತು ಸಂಪರ್ಕಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಬಗ್ಗೆ ಎರಡು ಮಾತು. ಏಜೆಂಟ್‌ಗಳದ್ದು ದೀರ್ಘಕಾಲದ ವೆಬ್‌ಸಾಕೆಟ್ ಸಂಪರ್ಕ. ಆ ಕೆಲಸಕ್ಕೆ ಎಂಜಿನ್‌ಎಕ್ಸ್ ಎಂಬ ತಂತ್ರಾಂಶ ಇಟ್ಟರೆ ಅದರ ಓದುವ ಕಾಲಮಿತಿ ತಾನಾಗಿ 60 ಸೆಕೆಂಡ್. ಅದನ್ನು ಏರಿಸಬೇಕು, ವೆಬ್‌ಸಾಕೆಟ್ ಕೋರುವ ಅಪ್‌ಗ್ರೇಡ್ ಹೆಡರ್‌ಗಳನ್ನು ಒಳಕ್ಕೆ ದಾಟಿಸಬೇಕು. ಟಿಎಲ್‌ಎಸ್, ಅಂದರೆ ಸಂಪರ್ಕದ ಗೂಢಲಿಪೀಕರಣ, ಅಲ್ಲಿಯೇ ಮುಗಿಯುವುದಾದರೆ ಮೂಲ ಕೋರಿಕೆ ಎಚ್‌ಟಿಟಿಪಿಎಸ್ ಆಗಿತ್ತು ಎಂಬುದನ್ನು ತಿಳಿಸುವ ಹೆಡರ್ ಕೂಡ ಹೋಗಬೇಕು. ಇವು ತಪ್ಪಿದರೆ ಪರದೆ ಚೆನ್ನಾಗಿ ತೆರೆದುಕೊಳ್ಳುತ್ತದೆ, ಕ್ಲಸ್ಟರ್‌ಗಳು ಮಾತ್ರ ಬಂದು ಹೋಗಿ ಬಂದು ಹೋಗಿ ಮಾಡುತ್ತವೆ.

ಮೊದಲು ಮರುಸ್ಥಾಪನೆ, ಆಮೇಲೆ ರ‍್ಯಾಂಚರ್

ಎಲ್ಲರ ಕೈಯೂ ಮೊದಲು ಹೋಗುವುದು ಹೊಸ ಕ್ಲಸ್ಟರ್‌ನಲ್ಲಿ ರ‍್ಯಾಂಚರ್ ಸ್ಥಾಪಿಸುವುದಕ್ಕೆ. ಅಲ್ಲೇ ತಡೆಯಬೇಕು. ಖಾಲಿ ಕ್ಲಸ್ಟರ್‌ನಲ್ಲಿ ಎದ್ದ ರ‍್ಯಾಂಚರ್ ತಾನು ಹೊಸದಾಗಿ ಹುಟ್ಟಿದೆ ಎಂದುಕೊಂಡು ತನ್ನದೇ ನಿರ್ವಾಹಕ ಬಳಕೆದಾರನನ್ನು, ತನ್ನದೇ ಸಂರಚನೆಗಳನ್ನು ಬರೆದುಕೊಳ್ಳುತ್ತದೆ. ಅದರ ಮೇಲೆ ಹಳೆಯದನ್ನು ಸುರಿದರೆ ಎರಡು ಸಂಸಾರಗಳ ಸಾಮಾನು ಬೆರೆಯುತ್ತದೆ. ಅದಕ್ಕೇ ಅಧಿಕೃತ ವಿಧಾನದ ಕ್ರಮ ಬೇರೆ. ಮೊದಲು ಬ್ಯಾಕಪ್ ಆಪರೇಟರ್, ಅದರಿಂದ ಮರುಸ್ಥಾಪನೆ, ಆಮೇಲೆ ಪ್ರಮಾಣಪತ್ರಗಳನ್ನು ನೋಡಿಕೊಳ್ಳುವ ಸರ್ಟ್-ಮ್ಯಾನೇಜರ್, ಎಲ್ಲಕ್ಕೂ ಕೊನೆಗೆ ರ‍್ಯಾಂಚರ್. ಎದ್ದು ಕಣ್ಣು ಬಿಟ್ಟಾಗ ತನ್ನ ಸುತ್ತ ಎಲ್ಲವೂ ಆಗಲೇ ಇರುವುದನ್ನು ಕಂಡು ರ‍್ಯಾಂಚರ್ ಅದನ್ನೇ ಮುಂದುವರಿಸುತ್ತದೆ.

ಮರುಸ್ಥಾಪನೆಗೆ ರಿಸ್ಟೋರ್ ಎಂಬ ವಸ್ತುವನ್ನು ಬರೆಯಬೇಕು. ಕಡತದ ಹೆಸರು, ಸಂಗ್ರಹದ ವಿಳಾಸ, ಗೂಢಲಿಪಿಯ ಸೀಕ್ರೆಟ್‌ನ ಹೆಸರು, ಇವಿಷ್ಟರ ಜೊತೆಗೆ ಪ್ರೂನ್ ಎಂಬ ಒಂದು ಸಾಲು. ಇದ್ದ ಕ್ಲಸ್ಟರ್‌ನಲ್ಲೇ ಹಿಂದಿನ ಸ್ಥಿತಿಗೆ ಮರಳುವಾಗ, ಬ್ಯಾಕಪ್‌ನಲ್ಲಿ ಇಲ್ಲದ ರ‍್ಯಾಂಚರ್ ವಸ್ತುಗಳನ್ನು ಅಳಿಸು ಎಂದು ಹೇಳುವುದಕ್ಕೆ ಇರುವುದು ಪ್ರೂನ್. ಸ್ಥಳಾಂತರದಲ್ಲಿ ಅಳಿಸಲು ಏನೂ ಇಲ್ಲ, ಅದು ಫಾಲ್ಸ್ ಆಗಿರಬೇಕು.

ಆಪರೇಟರ್ ಒಳಗೆ ಮಾಡುವ ಕೆಲಸ ತಿಳಿದುಕೊಂಡರೆ ಲಾಗ್ ಓದುವಾಗ ದಿಗಿಲಾಗುವುದಿಲ್ಲ. ಅದು ಮೊದಲು ಸಿಆರ್‌ಡಿಗಳನ್ನು, ಅಂದರೆ ರ‍್ಯಾಂಚರ್‌ನ ವಸ್ತುಗಳ ಬಗೆಗಳ ವ್ಯಾಖ್ಯೆಯನ್ನು, ಹಾಕುತ್ತದೆ. ಬಗೆ ಏನೆಂದು ತಿಳಿಯದೆ ಆ ಬಗೆಯ ವಸ್ತುವನ್ನು ಕುಬರ್ನೆಟೀಸ್ ಒಪ್ಪುವುದಿಲ್ಲವಲ್ಲ. ಬಳಿಕ ಇಡೀ ಕ್ಲಸ್ಟರ್‌ಗೆ ಸಂಬಂಧಿಸಿದವು, ಬಳಿಕ ಒಂದೊಂದು ನೇಮ್‌ಸ್ಪೇಸ್‌ನೊಳಗಿನವು. ಇದರಲ್ಲಿ ಒಂದು ಸೂಕ್ಷ್ಮವಿದೆ. ಕುಬರ್ನೆಟೀಸ್‌ನಲ್ಲಿ ಒಂದು ವಸ್ತು ಇನ್ನೊಂದಕ್ಕೆ ಸೇರಿದ್ದು ಎಂಬುದನ್ನು ಮಾಲೀಕ ವಸ್ತುವಿನ ಯುಐಡಿ ಸಂಖ್ಯೆಯಿಂದ ಗುರುತಿಸಲಾಗುತ್ತದೆ. ಹೊಸ ಕ್ಲಸ್ಟರ್‌ನಲ್ಲಿ ಪ್ರತಿ ವಸ್ತುವಿಗೂ ಹೊಸ ಯುಐಡಿ ಹುಟ್ಟುತ್ತದೆ. ಹಳೆಯ ಸಂಖ್ಯೆಯನ್ನೇ ಬಿಟ್ಟರೆ, ಮಾಲೀಕನಿಲ್ಲದ ವಸ್ತು ಎಂದು ಭಾವಿಸಿ ಕಸ ತೆಗೆಯುವ ಕಂಟ್ರೋಲರ್ ಅದನ್ನು ಅಳಿಸಿಬಿಡುತ್ತದೆ. ಅದಕ್ಕಾಗಿ ಆಪರೇಟರ್ ಮಾಲೀಕರನ್ನು ಮೊದಲು ಸೃಷ್ಟಿಸಿ, ಅವರ ಹೊಸ ಸಂಖ್ಯೆಯನ್ನು ಮಕ್ಕಳ ಮೇಲೆ ತಿದ್ದಿ ಬರೆದು, ಆಮೇಲೆ ಮಕ್ಕಳನ್ನು ಸೃಷ್ಟಿಸುತ್ತದೆ. ಸಾವಿರಾರು ವಸ್ತುಗಳನ್ನು ಕೈಯಿಂದ ನಕಲು ಮಾಡುವ ಸ್ಕ್ರಿಪ್ಟ್ ಬರೆಯಲು ಹೊರಡುವವರು ಈ ಒಂದು ಸಂಗತಿಯನ್ನು ನೆನಪಿಟ್ಟರೆ ಸಾಕು, ಆಪರೇಟರ್ ಕಡೆಗೆ ಮರಳುತ್ತಾರೆ.

ರ‍್ಯಾಂಚರ್ ಸ್ಥಾಪಿಸುವಾಗ ಆವೃತ್ತಿ ಹಳೆಯದ್ದೇ, ಹೋಸ್ಟ್‌ನೇಮ್ ಹಳೆಯದ್ದೇ. ಹಳೆಯ ಕ್ಲಸ್ಟರ್‌ನಲ್ಲಿ ಹೆಲ್ಮ್ ಬಳಸಿದ ಮೌಲ್ಯಗಳನ್ನು ಮುಂಚೆಯೇ ಒಂದು ಕಡತಕ್ಕೆ ತೆಗೆದಿಟ್ಟುಕೊಂಡಿದ್ದರೆ ಅದನ್ನೇ ಇಲ್ಲಿ ಕೊಡಬಹುದು. ಖಾಸಗಿ ಪ್ರಾಧಿಕಾರದ ಪ್ರಮಾಣಪತ್ರವಾಗಿದ್ದರೆ ಪ್ರಮಾಣಪತ್ರದ ಸೀಕ್ರೆಟ್, ಪ್ರಾಧಿಕಾರದ ಸೀಕ್ರೆಟ್ ಎರಡನ್ನೂ ಹಳೆಯ ಕಡೆಯಿಂದ ಪ್ರತ್ಯೇಕವಾಗಿ ತೆಗೆದಿಡಿ. ಮರುಸ್ಥಾಪನೆಯ ನಂತರ ಅವು ಹೊಸ ಕಡೆ ಇವೆಯೇ ನೋಡಿ, ಇಲ್ಲದಿದ್ದರೆ ರ‍್ಯಾಂಚರ್ ಸ್ಥಾಪಿಸುವ ಮೊದಲೇ ಹಾಕಿ. ಏಜೆಂಟ್‌ನ ಬಳಿ ಇರುವ 64 ಅಕ್ಷರಗಳ ಸಾಲು ತಾಳೆಯಾಗುವುದೋ ಇಲ್ಲವೋ ಎಂಬುದು ಇದರ ಮೇಲೆಯೇ ನಿಂತಿದೆ.

ಹೆಸರನ್ನು ಹೊಸ ವಿಳಾಸಕ್ಕೆ ತಿರುಗಿಸುವುದು

ಕೋಲ್ಡ್ ಸ್ಟೋರೇಜ್‌ನಲ್ಲಿ ಲಾರಿಗಳು ಸಾಲುಗಟ್ಟುವ ಹೊತ್ತು ಬೇಡ, ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುವ ಹೊತ್ತೂ ಬೇಡ. ಅವರ ತಂತ್ರಾಂಶ ನಿಲ್ಲುವುದಿಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ಅಲ್ಲಿ ಬೇರೇನಾದರೂ ಕೆಟ್ಟರೆ ರ‍್ಯಾಂಚರ್ ಮೂಲಕ ಒಳಗೆ ಹೋಗಲು ಆಗುವುದಿಲ್ಲ. ಅದಕ್ಕೇ ಮುಂಚಿತವಾಗಿ ಪ್ರತಿ ಕ್ಲಸ್ಟರ್‌ಗೂ ರ‍್ಯಾಂಚರ್ ಬಳಸದೆ ನೇರ ಹೋಗುವ ಕ್ಯೂಬ್‌ಕಾನ್ಫಿಗ್ ಎಂಬ ಪ್ರವೇಶ ಕಡತವೊಂದನ್ನು ತೆಗೆದಿಟ್ಟುಕೊಂಡಿರಬೇಕು. ಕೆ3ಎಸ್‌ನಲ್ಲಿ ಅದು ಸರ್ವರ್ ನೋಡ್‌ನಲ್ಲೇ ಇರುತ್ತದೆ. ರ‍್ಯಾಂಚರ್ ಪರದೆಯಿಂದ ಇಳಿಸಿಕೊಂಡ ಕ್ಯೂಬ್‌ಕಾನ್ಫಿಗ್ ಸಾಮಾನ್ಯವಾಗಿ ರ‍್ಯಾಂಚರ್ ಮೂಲಕವೇ ಹಾದುಹೋಗುತ್ತದೆ, ಆ ಹೊತ್ತಿನಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್ ದಾಖಲೆಯ ಟಿಟಿಎಲ್, ಅಂದರೆ ಹಳೆಯ ಉತ್ತರವನ್ನು ಇತರರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬ ಮಿತಿ, ಒಂದು ದಿನವಿದ್ದರೆ ಅದನ್ನು ಕೆಲವು ನಿಮಿಷಗಳಿಗೆ ಇಳಿಸುವುದು ಮುಂಚಿನ ದಿನವೇ ಆಗಬೇಕಾದ ಕೆಲಸ. ಅದೇ ರಾತ್ರಿ ಇಳಿಸಿದರೆ ಪ್ರಯೋಜನವಿಲ್ಲ. ಹಳೆಯ ಮಿತಿಯೊಂದಿಗೆ ಉತ್ತರ ಪಡೆದವರು ಅದನ್ನು ಆಗಲೇ ಹಿಡಿದುಕೊಂಡಿರುತ್ತಾರೆ.

ರಾತ್ರಿಯ ಕೆಲಸ ಶುರುವಾಗುವುದು ಹಳೆಯ ಸರ್ವರನ್ನು ಇನ್ನು ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳುವುದರಿಂದ. ಕೊನೆಯ ಬ್ಯಾಕಪ್ ಆದ ನಂತರ ಹಳೆಯ ಸರ್ವರ್‌ನಲ್ಲಿ ಯಾರಾದರೂ ಹೊಸ ಕ್ಲಸ್ಟರ್ ಸೇರಿಸಿದರೆ, ಟೋಕನ್ ಮಾಡಿದರೆ, ಗುಪ್ತಪದ ಬದಲಿಸಿದರೆ ಹೊಸ ಸರ್ವರ್‌ಗೆ ಅದು ಗೊತ್ತೇ ಇರುವುದಿಲ್ಲ. ಬ್ಯಾಕಪ್ ಪೂರ್ಣವಾಯಿತು ಎಂದು ಖಾತ್ರಿಯಾದ ಕೂಡಲೇ ಹಳೆಯ ಕ್ಲಸ್ಟರ್‌ನ ರ‍್ಯಾಂಚರ್ ಡಿಪ್ಲಾಯ್‌ಮೆಂಟ್‌ನ ಪ್ರತಿಗಳನ್ನು ಸೊನ್ನೆಗೆ ಇಳಿಸಿ, ಅಂದರೆ ಅದನ್ನು ನಿಲ್ಲಿಸಿ. ಹೊಸದನ್ನು ಎಬ್ಬಿಸುವುದು ಅದರ ನಂತರವೇ.

ಈ ಕ್ರಮದಲ್ಲಿ ನನಗೆ ರಾಜಿ ಇಲ್ಲ. ಒಂದೇ ಹೆಸರು, ಒಂದೇ ಟೋಕನ್‌ಗಳ ಎರಡು ರ‍್ಯಾಂಚರ್‌ಗಳು ಒಟ್ಟಿಗೆ ಜೀವಂತ ಇರಬಾರದು. ರ‍್ಯಾಂಚರ್ ಕೆಲವು ಕ್ಲಸ್ಟರ್‌ಗಳನ್ನು ಬರೀ ನೋಡುವುದಿಲ್ಲ, ಕ್ಲೌಡ್‌ನಲ್ಲಿ ಅವುಗಳ ಯಂತ್ರಗಳನ್ನು ತಾನೇ ಹುಟ್ಟಿಸುತ್ತದೆ, ತಾನೇ ಅಳಿಸುತ್ತದೆ. ಒಂದಕ್ಕೆ ನಾಲ್ಕು ಯಂತ್ರ ಇರಬೇಕೆಂದು ಗೊತ್ತು, ಇನ್ನೊಂದಕ್ಕೆ ಮೂರೇ ಎಂದು ಗೊತ್ತು ಎಂದಾದರೆ, ಒಂದು ಹುಟ್ಟಿಸಿದ್ದನ್ನು ಇನ್ನೊಂದು ಒರೆಸುತ್ತದೆ. ಹಾಗೆಯೇ ಪೂರ್ವಾಭ್ಯಾಸಕ್ಕೆಂದು ಬ್ಯಾಕಪ್ ಅನ್ನು ಪರೀಕ್ಷಾ ಕ್ಲಸ್ಟರ್‌ನಲ್ಲಿ ತೆರೆಯುವಾಗಲೂ ಅದರಿಂದ ಹೊರಗಿನ ಜಾಲಕ್ಕೆ ದಾರಿ ಮುಚ್ಚಿರಬೇಕು. ಪೂರ್ವಾಭ್ಯಾಸ ಮಾಡಲೇಬೇಕು, ಬೇಲಿಯೊಳಗೆ ಮಾಡಬೇಕು.

ಹೊಸ ರ‍್ಯಾಂಚರ್ ಎದ್ದ ಮೇಲೆ ಕೂಡಲೇ ಡಿಎನ್‌ಎಸ್ ಮುಟ್ಟಬೇಡಿ. ನಿಮ್ಮ ಲ್ಯಾಪ್‌ಟಾಪ್‌ನ ಹೋಸ್ಟ್ಸ್ ಕಡತದಲ್ಲಿ ಆ ಹೆಸರಿಗೆ ಹೊಸ ಲೋಡ್ ಬ್ಯಾಲೆನ್ಸರ್‌ನ ವಿಳಾಸವನ್ನು ಬರೆದುಕೊಂಡು ಬ್ರೌಸರ್ ತೆರೆಯಿರಿ. ಹಳೆಯ ಗುಪ್ತಪದದಿಂದ ಒಳಗೆ ಹೋಗಬಹುದೇ? ಕ್ಲಸ್ಟರ್‌ಗಳ ಪಟ್ಟಿ ಪೂರ್ತಿ ಇದೆಯೇ? ಅವು ಸಂಪರ್ಕವಿಲ್ಲ ಎಂದು ತೋರಿಸುವುದು ಈ ಹಂತದಲ್ಲಿ ಸರಿಯೇ. ಏಜೆಂಟ್‌ಗಳು ಇನ್ನೂ ಹಳೆಯ ವಿಳಾಸವನ್ನೇ ತಟ್ಟುತ್ತಿವೆ. ಪ್ರಮಾಣಪತ್ರ ಹಳೆಯದ್ದೇ ಎಂದು ತಾಳೆ ನೋಡಿ. ಎಲ್ಲ ಸರಿಯಿದ್ದರೆ ಆಗ ಡಿಎನ್‌ಎಸ್ ದಾಖಲೆಯನ್ನು ತಿರುಗಿಸಿ.

ಆಮೇಲೆ ಪರದೆ ನೋಡುತ್ತಾ ಕುಳಿತುಕೊಳ್ಳುವುದು. ಒಂದೊಂದಾಗಿ ಹೆಸರುಗಳು ಆ್ಯಕ್ಟಿವ್ ಆಗುತ್ತವೆ. ಯಾವುದು ಬರಲಿಲ್ಲವೋ ಅದಕ್ಕೆ ನೇರ ಹೋಗಿ ಏಜೆಂಟ್‌ನ ಲಾಗ್ ಓದಬೇಕು, ಅಲ್ಲಿ ಕಾರಣ ಸ್ಪಷ್ಟವಾಗಿ ಬರೆದಿರುತ್ತದೆ. ಸಂಪರ್ಕ ನಿರಾಕರಣೆ ಎಂದಿದ್ದರೆ ಹಳೆಯ ಡಿಎನ್‌ಎಸ್ ಉತ್ತರ ಎಲ್ಲೋ ಉಳಿದಿದೆ. ಕುಬರ್ನೆಟೀಸ್‌ನೊಳಗಿನ ಕೋರ್‌ಡಿಎನ್‌ಎಸ್ ಸಾಮಾನ್ಯವಾಗಿ 30 ಸೆಕೆಂಡ್ ಮಾತ್ರ ನೆನಪಿಡುತ್ತದೆ, ಆದ್ದರಿಂದ ಅನುಮಾನ ಹೋಗಬೇಕಾದದ್ದು ಅಲ್ಲಿನ ರೌಟರ್ ಮೇಲೆ, ಅಥವಾ ಯಾರೋ ಹಿಂದೊಮ್ಮೆ ಆ ಯಂತ್ರದ ಹೋಸ್ಟ್ಸ್ ಕಡತದಲ್ಲಿ ಬರೆದಿಟ್ಟ ಸಾಲಿನ ಮೇಲೆ. ಚೆಕ್‌ಸಮ್ ಹೊಂದುವುದಿಲ್ಲ ಎಂದಿದ್ದರೆ ಪ್ರಾಧಿಕಾರದ ಪತ್ರ ಬೇರೆಯಾಗಿದೆ. ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ ಎಂದಿದ್ದರೆ ಆ ಪೆಟ್ಟಿಗೆಯ ಗಡಿಯಾರ ಹಿಂದಿದೆ. ಬ್ಯಾಟರಿ ಸತ್ತ ಸಣ್ಣ ಯಂತ್ರಗಳಲ್ಲಿ ಕರೆಂಟ್ ಹೋಗಿ ಬಂದಾಗ ಇದು ಆಗುತ್ತದೆ.

ಜೊತೆಗೆ ಬಾರದವು

ಲೋಕಲ್ ಕ್ಲಸ್ಟರ್‌ನಲ್ಲಿ ರ‍್ಯಾಂಚರ್ ಜೊತೆಗೆ ಬೇರೇನನ್ನಾದರೂ ಓಡಿಸುತ್ತಿದ್ದರೆ, ಉಸ್ತುವಾರಿಯ ಪ್ರೊಮಿಥಿಯಸ್, ಕಂಟೇನರ್ ಇಮೇಜ್‌ಗಳ ಖಾಸಗಿ ಸಂಗ್ರಹ ಇತ್ಯಾದಿ, ಅವು ಈ ಬ್ಯಾಕಪ್‌ನಲ್ಲಿ ಬರುವುದಿಲ್ಲ. ಅವುಗಳ ಡಿಸ್ಕ್ ಮಾಹಿತಿಯಂತೂ ಖಂಡಿತ ಇಲ್ಲ. ಪಟ್ಟಿ ಮಾಡಿ ಬೇರೆಯಾಗಿ ಒಯ್ಯಬೇಕು.

ಗಿಟ್‌ನಿಂದ ತಂತ್ರಾಂಶ ಹಂಚುವ, ರ‍್ಯಾಂಚರ್‌ನ ಅಂಗವಾದ ಫ್ಲೀಟ್‌ನದ್ದು ಇನ್ನೊಂದು ಬಗೆಯ ತೊಡಕು. ಕ್ಲಸ್ಟರ್ ಏಜೆಂಟ್‌ನ ಟೋಕನ್ ರ‍್ಯಾಂಚರ್‌ನದೇ ದಾಖಲೆಯಾದ್ದರಿಂದ ಬ್ಯಾಕಪ್ ಜೊತೆ ಬಂತು. ಫ್ಲೀಟ್ ಏಜೆಂಟ್ ಬಳಸುವುದು ಲೋಕಲ್ ಕ್ಲಸ್ಟರ್‌ನ ಸರ್ವಿಸ್ ಅಕೌಂಟ್ ಟೋಕನ್, ಅದಕ್ಕೆ ಸಹಿ ಹಾಕಿದ್ದು ಹಳೆಯ ಕ್ಲಸ್ಟರ್‌ನ ಕೀ. ಹೊಸ ಕ್ಲಸ್ಟರ್‌ನ ಕೀ ಬೇರೆ. ಕ್ಲಸ್ಟರ್ ಆ್ಯಕ್ಟಿವ್ ಎಂದು ತೋರಿಸುತ್ತಿದ್ದರೂ ಫ್ಲೀಟ್ ಏಜೆಂಟ್ ಅನಧಿಕೃತ ಎಂಬ ದೋಷ ಕಾರುತ್ತಿದ್ದರೆ ಕಾರಣ ಇದು. ಕಂಟಿನ್ಯುಯಸ್ ಡೆಲಿವರಿ ಪುಟದಲ್ಲಿ ಆ ಕ್ಲಸ್ಟರ್‌ಗೆ ಫೋರ್ಸ್ ಅಪ್‌ಡೇಟ್ ಕೊಟ್ಟರೆ ಏಜೆಂಟ್ ಹೊಸದಾಗಿ ನೋಂದಣಿಯಾಗುತ್ತದೆ. ಹಸಿರು ಬಣ್ಣ ನೋಡಿ ಮನೆಗೆ ಹೋಗದೆ, ಗಿಟ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ಅದು ಬ್ಯಾಡಗಿಯ ತನಕ ತಲುಪಿತೇ ಎಂದು ನೋಡುವುದು ಅದಕ್ಕಾಗಿಯೇ.

ಹಳೆಯ ಸರ್ವರನ್ನು ಒಂದೆರಡು ವಾರ ಹಾಗೆಯೇ ಇಡಿ, ಪ್ರತಿಗಳು ಸೊನ್ನೆಯಲ್ಲೇ ಇರಲಿ. ಮೊದಲ ರಾತ್ರಿಯೇ ಏನೋ ಸರಿಯಿಲ್ಲ ಎನಿಸಿದರೆ ಹೊಸದನ್ನು ಸೊನ್ನೆಗೆ ಇಳಿಸಿ, ಡಿಎನ್‌ಎಸ್ ಹಿಂದಕ್ಕೆ ತಿರುಗಿಸಿ, ಹಳೆಯದನ್ನು ಎಬ್ಬಿಸಿದರೆ ಏಜೆಂಟ್‌ಗಳು ಹಿಂದಕ್ಕೂ ಅದೇ ಸುಲಭದಲ್ಲಿ ಹೋಗುತ್ತವೆ. ಹೊಸ ಸರ್ವರ್‌ನಲ್ಲಿ ಬದಲಾವಣೆಗಳು ಶುರುವಾದ ಮೇಲೆ ಈ ದಾರಿ ದಿನದಿನಕ್ಕೆ ಕಿರಿದಾಗುತ್ತದೆ. ವಿಲೇವಾರಿ ಮಾಡುವ ದಿನ ಬಂದಾಗ, ಅಚ್ಚುಕಟ್ಟು ಮಾಡುತ್ತೇನೆಂದು ಹಳೆಯ ರ‍್ಯಾಂಚರನ್ನು ಎಬ್ಬಿಸಿ ಅದರ ಪರದೆಯಿಂದ ಕ್ಲಸ್ಟರ್‌ಗಳನ್ನು ಡಿಲೀಟ್ ಮಾಡಲು ಹೋಗಬೇಡಿ. ಅದು ಹುಟ್ಟಿಸಿದ ಯಂತ್ರಗಳನ್ನು ಅಳಿಸುವ ಅಧಿಕಾರ ಅದಕ್ಕೆ ಇನ್ನೂ ಇದೆ. ಹಳೆಯ ಸರ್ವರ್‌ನ ಯಂತ್ರಗಳನ್ನು ಬಂದ್ ಮಾಡಿ, ಡಿಸ್ಕ್ ಒರೆಸಿ, ಅಷ್ಟೇ.

ಅದಕ್ಕೂ ಮೊದಲು ಹೊಸ ಕ್ಲಸ್ಟರ್‌ನಲ್ಲಿ ನಿತ್ಯದ ಬ್ಯಾಕಪ್ ವೇಳಾಪಟ್ಟಿ ಹಾಕಿ, ಕಡತ ನಿಜಕ್ಕೂ ಸಂಗ್ರಹಕ್ಕೆ ಬಂದು ಬೀಳುತ್ತಿದೆಯೇ ನೋಡಿ, ಗೂಢಲಿಪಿಯ ಕೀಯನ್ನು ಕ್ಲಸ್ಟರ್‌ನ ಹೊರಗೆ ಕಚೇರಿಯ ಇಬ್ಬರಿಗೆ ತಿಳಿದ ಜಾಗದಲ್ಲಿ ಇಡಿ. ಕುಬರ್ನೆಟೀಸ್ ಮತ್ತು ರ‍್ಯಾಂಚರ್‌ಗಳ ಹೊಸ ಆವೃತ್ತಿಗೆ ಏರುವ ಕೆಲಸವನ್ನು ಮುಂದಿನ ತಿಂಗಳ ಪಟ್ಟಿಗೆ ಬರೆದುಕೊಳ್ಳಿ.